ಮೀನಿಗೂ ಒಂದು ಕಾಲಿಂಗ್ ಬೆಲ್

ಇಂಟರ್ನೆಟ್‌ನಲ್ಲಿ ಸಿಗುವ ಮೋಜಿನ ತಾಣಗಳ ಬಗ್ಗೆ ಬರೆದಿದ್ದೀರಿ, ಓದಿ ಖುಷಿಯಾಯ್ತು. ನನ್ನದೂ ಒಂದು ಸೇರಿಸಿಕೊಳ್ಳಿ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ಊರಿನಲ್ಲಿ 2021ರಲ್ಲಿ ಶುರುವಾದ ಮೀನಿನ ಕಾಲಿಂಗ್ ಬೆಲ್! ವಸಂತದಲ್ಲಿ ಮೀನುಗಳು ಮೊಟ್ಟೆಯಿಡಲು ಜಾಗ ಹುಡುಕಿಕೊಂಡು ಕಾಲುವೆಯಲ್ಲಿ ಈಜಿ ಬರುತ್ತವೆ. ಆಗ ದೋಣಿ ಓಡಾಟ ಕಡಿಮೆ, ದೋಣಿಗಳಿಗಾಗಿ ತೆರೆಯುವ ಕಾಲುವೆಯ ಗೇಟು ಮುಚ್ಚಿರುತ್ತದೆ. ಪಾಪ, ಬಾಗಿಲಲ್ಲೇ ಕಾಯಬೇಕು. ನೀರೊಳಗಿನ ಕ್ಯಾಮೆರಾದ ನೇರ ದೃಶ್ಯ ಅವರ ತಾಣದಲ್ಲಿ ಬರುತ್ತದೆ; ಮೀನು ಕಂಡರೆ ನಾವು ಮನೆಯಿಂದಲೇ ಅಲ್ಲಿನ ಬಟನ್ ಒತ್ತಬಹುದು. ಸಾಕಷ್ಟು ಮೀನು ಸೇರಿದ್ದರೆ ಅಲ್ಲಿನವರು ಗೇಟು ತೆಗೆಯುತ್ತಾರೆ.

ಜಾಸ್ತಿ ಹೊತ್ತು ಕಾಣುವುದು ಬರೀ ಹಸಿರು ನೀರು, ತೇಲುವ ಕಸ. ಆದರೂ ಸುಮ್ನೆ ನೋಡುತ್ತಾ ಕೂರಬೇಕು ಅನ್ನಿಸುತ್ತದೆ. ಒಂದು ರಾತ್ರಿ ಮೈಮೇಲೆ ಪಟ್ಟೆಯಿದ್ದ ಮೀನೊಂದು ಕ್ಯಾಮೆರಾದ ಎದುರಿಗೇ ಮೂತಿ ತಂದಿಟ್ಟಿತು. “ಅಮ್ಮಾ, ಒತ್ತು ಒತ್ತು!” ಅಂತ ಮಗಳು ಕುಣಿದೇಬಿಟ್ಟಳು.