ಕೂಸು ತೊಟ್ಟಿಲಲ್ಲಿ, ತಿಥಿ ಊಟ ಅಂಗಳದಲ್ಲಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನಾವು ಆಡಿಕೊಳ್ಳುತ್ತೇವೆ, ಅಲ್ವಾ? ಪಂಕ್ ಅನ್ನುವ ಒರಟು, ಅಬ್ಬರದ ರಾಕ್ ಸಂಗೀತದ ವಿಷಯದಲ್ಲಿ ಇಂಗ್ಲೆಂಡಿನ ಸಂಗೀತ ಪತ್ರಿಕೆಯವರು ಅದಕ್ಕೂ ಒಂದು ಹೆಜ್ಜೆ ಮುಂದೆ. ಕೂಸು ತೊಟ್ಟಿಲಲ್ಲಿ ಕಿರುಚುತ್ತಿರುವಾಗಲೇ ತಿಥಿ ಮಾಡಿ ವಡೆ ಹಂಚಿಬಿಟ್ಟರು.

ಲೆಕ್ಕ ನೋಡಿ. ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ ಎನ್ನುವ ಡ್ಯಾಮ್ಡ್ ತಂಡದ ಹಾಡು ಬಂದದ್ದು 1976ರ ಅಕ್ಟೋಬರ್‌ನಲ್ಲಿ. ಪಂಕ್‌ನ ಹೆಸರಾಂತ ತಂಡ ಸೆಕ್ಸ್ ಪಿಸ್ಟಲ್ಸ್‌ನ ಆಲ್ಬಂ ಅಂಗಡಿಗೆ ಬಂದದ್ದು 1977ರ ಅಕ್ಟೋಬರ್ ಕೊನೆಗೆ. ಮರುತಿಂಗಳೇ ‘ಸೌಂಡ್ಸ್’ ವಾರಪತ್ರಿಕೆಯಲ್ಲಿ ಪತ್ರಕರ್ತ ಜಾನ್ ಸ್ಯಾವೇಜ್ ‘ಪೋಸ್ಟ್ ಪಂಕ್’ ಅಂತ ಬರೆದಾಗಿತ್ತು. ಪೋಸ್ಟ್ ಅಂದರೆ ಆಮೇಲೆ. ಯಾವುದರ ಆಮೇಲೆ ಸ್ವಾಮಿ? ಆಲ್ಬಂ ಕೊಂಡವರಿಗೆ ಹಾಡು ಇನ್ನೂ ಬಾಯಿಗೆ ಬಂದಿರಲಿಲ್ಲ!

ಅಮೆರಿಕದ ಕ್ಲೀವ್‌ಲ್ಯಾಂಡ್‌ನದು ಇನ್ನೂ ಮಜಾ. ಅಲ್ಲಿನ ಪೆರೆ ಊಬು ತಂಡ ಮೊದಲ ರೆಕಾರ್ಡ್ ತಂದದ್ದು 1975ರಲ್ಲಿ. ಬ್ರಿಟನ್ನಿನ ಪಂಕ್ ಒಂದು ರೆಕಾರ್ಡೂ ಮಾಡಿರದ ಕಾಲ ಅದು. ಆದರೂ ಆ ತಂಡದ ಹೆಸರು ಇವತ್ತು ಪೋಸ್ಟ್-ಪಂಕ್ ಪಟ್ಟಿಯಲ್ಲೇ ಇದೆ. ಅಪ್ಪನ ನಾಮಕರಣಕ್ಕೆ ಮಗ ಬಂದು ಉಡುಗೊರೆ ಕೊಟ್ಟ ಹಾಗೆ. (ನಮ್ಮಲ್ಲೂ ನವ್ಯ, ನವ್ಯೋತ್ತರ ಅಂತ ಜಗಳ ಇತ್ತು. ಆದರೆ ನಮ್ಮವರು ಕೊನೇಪಕ್ಷ ಸಾಲಿನಲ್ಲಿ ನಿಂತು ಬಂದರು.)

ಹೋಗಲಿ, ಈ ಪೋಸ್ಟ್-ಪಂಕ್‌ನ ಲಕ್ಷಣ ಏನು? ಲೀಡ್ಸ್‌ನ ಗ್ಯಾಂಗ್ ಆಫ್ ಫೋರ್ ತಂಡ ಕುಣಿಸುವ ಫಂಕ್ (ಪಂಕ್ ಅಲ್ಲ, ಅಮೆರಿಕದ ಕಪ್ಪು ಜನರ ಸಂಗೀತ) ತಾಳದಲ್ಲಿ ಮಾರ್ಕ್ಸ್‌ವಾದ ಹೇಳುತ್ತದೆ. ಸ್ಲಿಟ್ಸ್ ತಂಡದ ಹುಡುಗಿಯರದು ಜಮೈಕಾದ ರೆಗ್ಗೆ. ರೇನ್‌ಕೋಟ್ಸ್ ತಂಡದ ಕೈಯಲ್ಲಿ ಪಿಟೀಲು. ಮ್ಯಾಂಚೆಸ್ಟರ್ ಕಡೆಯ ಜಾಯ್ ಡಿವಿಷನ್ ಕೇಳಿದರೆ ಮಧ್ಯಾಹ್ನವೂ ಕತ್ತಲು. ಒಂದಕ್ಕೊಂದು ಸಂಬಂಧ ಇಲ್ಲ, ಎಲ್ಲ ಚಿತ್ರಾನ್ನ, ಮತ್ತು ನನ್ನನ್ನು ಕೇಳಿದರೆ ರುಚಿ ಇದ್ದದ್ದೇ ಆ ಚಿತ್ರಾನ್ನದಲ್ಲಿ. ಆದರೆ ಅಭಿಮಾನಿಗಳು ಬಿಡಬೇಕಲ್ಲ! ಯಾರು ಬೇಕಾದರೂ ಗಿಟಾರ್ ಹಿಡಿಯಬಹುದು ಅಂತ ಹೊರಟ ಪಂಕ್‌ನ ಮನೆಯಲ್ಲೇ ಈಗ ಪಂಕ್ತಿಭೇದ. ‘ಇದು ನ್ಯೂ ವೇವ್, ಪಾಪ್ ಕಡೆ ವಾಲಿದ್ದು ಕಣ್ರೀ, ನಿಮ್ಮ ಎಲೆ ಆ ಕಡೆ.’

ಸೆಕ್ಸ್ ಪಿಸ್ಟಲ್ಸ್ ಬಿಟ್ಟು ಬಂದ ಗಾಯಕ ಜಾನ್ ಲೈಡನ್ 1978ರಲ್ಲಿ ಪಬ್ಲಿಕ್ ಇಮೇಜ್ ಲಿಮಿಟೆಡ್ ಅನ್ನುವ ತಂಡ ಕಟ್ಟಿದ. 1979ರ ಅವರ ಆಲ್ಬಂ ಬಂದದ್ದು ಸಿನಿಮಾ ರೀಲಿನ ಥರದ ದುಂಡು ತಗಡಿನ ಡಬ್ಬಿಯಲ್ಲಿ. ಒಳಗೆ ಮೂರು ರೆಕಾರ್ಡ್, ಬೆರಳು ತೂರದಷ್ಟು ಬಿಗಿ. ಕೊಡುಬಳೆ ಡಬ್ಬಿ ಥರ ಬೋರಲು ಹಾಕಿ ತಳಕ್ಕೆ ತಟ್ಟಿದರೆ ಮೂರೂ ದಬ್ಬೆಂದು ಕೆಳಗೆ, ಗೀರು ಉಚಿತ. ಕೇಳುವುದಕ್ಕೆ ಕೊಂಡ ಸಂಗೀತವನ್ನು ಹೊರಗೆ ತೆಗೆಯಲಾಗದ ಹಾಗೆ ಮಾಡಿದ್ದಕ್ಕಿಂತ ಪೋಸ್ಟ್-ಪಂಕ್‌ಗೆ ಒಳ್ಳೆಯ ವ್ಯಾಖ್ಯಾನ ನನಗಂತೂ ಸಿಕ್ಕಿಲ್ಲ.

ಈಗ ಎಲ್ಲ ಬಿಟ್ಟು ಟೀಶರ್ಟ್ ಉಳಿದಿದೆ. ಕಪ್ಪು ಬಟ್ಟೆ, ಮೇಲೆ ಬೆಟ್ಟಸಾಲಿನಂಥ ಬಿಳಿ ಗೆರೆಗಳು. ಜಾಯ್ ಡಿವಿಷನ್‌ನ 1979ರ ಆಲ್ಬಂ ಮುಖಪುಟ ಅದು. ಮುಂದುಗಡೆ ತಂಡದ ಹೆಸರೂ ಇರಲಿಲ್ಲ. 2012ರಲ್ಲಿ ಡಿಸ್ನಿ ಆ ಗೆರೆಗಳನ್ನೇ ಮಿಕ್ಕಿ ಮೌಸ್ ಕಿವಿ ಬರುವ ಹಾಗೆ ಬಗ್ಗಿಸಿ ಮಾರಾಟಕ್ಕಿಟ್ಟು, ಗಲಾಟೆ ಆದ ಮೇಲೆ ತೆಗೆದುಹಾಕಿತು. ಅಸಲಿಗೆ ಆ ಗೆರೆಗಳು ಖಗೋಳ ವಿಜ್ಞಾನಿ ಜೋಸಲಿನ್ ಬೆಲ್ 1967ರಲ್ಲಿ ಪತ್ತೆ ಮಾಡಿದ ಪಲ್ಸಾರ್‌ನ, ಅಂದರೆ ಗಿರಗಿರ ತಿರುಗುತ್ತಾ ರೇಡಿಯೋ ಅಲೆ ಕಳಿಸುವ ನಕ್ಷತ್ರದ, ಮಿಡಿತ. ಬ್ರಿಟನ್ನಿನ ಮೊದಲ ಪಂಕ್ ಹಾಡಿಗಿಂತ ಒಂಬತ್ತು ವರ್ಷ ಮೊದಲು. ಹಾಗಾದರೆ ಇನ್ನೇನು, ಪೆರೆ ಊಬು ಪಕ್ಕದಲ್ಲಿ ಆ ನಕ್ಷತ್ರಕ್ಕೂ ಒಂದು ಎಲೆ ಹಾಕಿ.