ಕಾಲ್ದೆಸೆಯಲ್ಲಿ ನಿಂತು ಕರೆಯುವುದು

ಅಮೆರಿಕದಲ್ಲಿ ನಾನೀಗ ಕೆಲಸ ಮಾಡುವ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ, ಕಳೆದ ವಾರ ರಾತ್ರಿ ಪಾಳಿಯಲ್ಲಿ, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದ ಹಿರಿಯರೊಬ್ಬರನ್ನು ಎಬ್ಬಿಸಲೆಂದು ಹೊಸ ನರ್ಸ್ ಹುಡುಗಿಯೊಬ್ಬಳು ಅವರ ಭುಜ ಮುಟ್ಟಲು ಹೋದಾಗ, ಜೊತೆಯಲ್ಲಿದ್ದ ಹಿರಿಯ ನರ್ಸ್ ಅವಳ ಕೈಯನ್ನು ಮೆಲ್ಲಗೆ ತಡೆದು, ಮಂಚದ ಕಾಲ್ದೆಸೆಯಲ್ಲಿ ನಿಂತು ಹೆಸರು ಹಿಡಿದು ಕರೆಯುವಂತೆ ಹೇಳಿಕೊಟ್ಟರು. ಯುದ್ಧ ಕಂಡವರು ನಿದ್ದೆಯಲ್ಲಿ ಯಾರಾದರೂ ಮುಟ್ಟಿದರೆ ಬೆಚ್ಚಿಬೀಳಬಹುದು. ಗದರಿಕೆಯ ಒಂದು ಮಾತೂ ಇರಲಿಲ್ಲ. ನನಗೆ ಗಂಟಲುಬ್ಬಿ ಬಂತು.

ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಗಳಲ್ಲಿ ಆಗತಾನೇ ಪದವಿ ಮುಗಿಸಿದ ನರ್ಸುಗಳಿಗೆ, ಸಂಬಳ ಕೊಟ್ಟು, 12 ತಿಂಗಳ ರೆಸಿಡೆನ್ಸಿ ತರಬೇತಿ ನಡೆಸುತ್ತಾರೆ. ಪ್ರಿಸೆಪ್ಟರ್ ಎನ್ನುವ ಅನುಭವಿ ನರ್ಸ್ ಮೊದಮೊದಲು ಪಕ್ಕದಲ್ಲೇ ಇರುತ್ತಾರೆ. ರೋಗಿಯು ಸೈನ್ಯದಲ್ಲಿ ಯಾವಾಗ, ಎಲ್ಲಿ ಇದ್ದರೆಂದು ಕೇಳಲು ಕಲಿಸುತ್ತಾರೆ; ಏಕೆಂದರೆ ವಿಯೆಟ್ನಾಮಿನಲ್ಲಿದ್ದವರ ಸಕ್ಕರೆ ಕಾಯಿಲೆಗೆ ಆ ಯುದ್ಧದಲ್ಲಿ ಸಿಂಪಡಿಸಿದ ಏಜೆಂಟ್ ಆರೆಂಜ್ ಎಂಬ ಕಳೆನಾಶಕದ ನಂಟಿರಬಹುದು, ಇರಾಕಿಗೆ ಹೋಗಿದ್ದವರ ಉಬ್ಬಸಕ್ಕೆ ಸೇನಾ ನೆಲೆಗಳಲ್ಲಿ ಕಸ ಸುಡುತ್ತಿದ್ದ ಹೊಂಡಗಳ ಹೊಗೆ ಕಾರಣವಿರಬಹುದು. ಇಂಥವರ ಸೌಲಭ್ಯಗಳನ್ನು ವಿಸ್ತರಿಸಲು 2022ರಲ್ಲಿ ಪ್ಯಾಕ್ಟ್ ಕಾಯಿದೆಯೂ ಬಂದಿತು.

ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿದ ನಾಲ್ಕನೆಯ ರಾತ್ರಿಯೇ, ಪಾಳಿ ಮುಗಿಸಿ ಹೊರಟ ಸಿಸ್ಟರ್ ಔಷಧದ ಕಪಾಟಿನ ಕೀಲಿಕೈ ನನ್ನ ಕೈಗಿಟ್ಟು, “ಮಾಡ್ತಾ ಮಾಡ್ತಾ ಕಲಿತೀಯ ಬಿಡು” ಎಂದು ಹೋಗಿದ್ದರು. ಮೂವತ್ತೆರಡು ಮಂಚಗಳ ವಾರ್ಡಿನಲ್ಲಿ ನಾನೊಬ್ಬಳೇ. ಹನ್ನೊಂದನೆಯ ಮಂಚದಲ್ಲಿ ಡ್ರಿಪ್ ಮುಗಿದು ರಕ್ತವು ಅದರ ನಳಿಗೆಯೊಳಕ್ಕೆ ಹಿಮ್ಮುಖವಾಗಿ ಏರಿದ್ದು ನನಗೆ ತಿಳಿದದ್ದು, ರೋಗಿಯ ಹೆಂಡತಿ ಓಡಿಬಂದು ಕೂಗಿದ ಮೇಲೆ. ಆ ಕೆಂಪು ಗೆರೆ ಇಂದಿಗೂ ಕಣ್ಣಿನಿಂದ ಮರೆಯಾಗಿಲ್ಲ. ಹಾಗೆ ಕಲಿಯುವುದನ್ನು ಕಲಿಕೆಯೆಂದು ನಾನು ಒಪ್ಪಲಾರೆ.

1971ರ ಯುದ್ಧದಲ್ಲಿದ್ದ ನನ್ನ ದೊಡ್ಡಪ್ಪ ದೀಪಾವಳಿಯ ಪಟಾಕಿಗೆ ಬೆಚ್ಚಿ ಸಿಡುಕುತ್ತಿದ್ದರೆ, ಅದು ಮುಂಗೋಪವೆಂದೇ ನಾವು ತಿಳಿದಿದ್ದೆವು. ಎಷ್ಟೋ ಮನೆಗಳಿಂದ ಸೈನ್ಯಕ್ಕೆ ಕಳುಹಿಸಿದ ನಮ್ಮ ಕೊಡಗಿನಲ್ಲಿಯೂ, ಅವರು ಆಸ್ಪತ್ರೆ ಸೇರಿದಾಗ ಆ ಯುದ್ಧದ ಬಗ್ಗೆ ಒಬ್ಬರೂ ವಿಚಾರಿಸಲಿಲ್ಲ. ನರ್ಸಿಂಗ್ ಓದಿದ್ದ ನಾನೂ ವಿಚಾರಿಸಲಿಲ್ಲ.

ಅಮೆರಿಕದ ಈ ಆಸ್ಪತ್ರೆಯಲ್ಲಿ ಒಬ್ಬ ನರ್ಸಿಗೆ ನಾಲ್ಕೈದು ರೋಗಿಗಳಿರುವುದರಿಂದಲೇ ಇಷ್ಟು ನಿಧಾನವಾಗಿ ಕಲಿಸಲು ಸಾಧ್ಯವೆಂಬುದನ್ನು ನಾನು ಬಲ್ಲೆ. ಇನ್ನೊಂದು ಮಾತನ್ನೂ ಹೇಳಲೇಬೇಕು: ವಿಯೆಟ್ನಾಮಿಗೆ ಹೋಗಿ ಬಂದ ಆ ಹಿರಿಯರನ್ನು ನೋಡಲು ವಾರವಿಡೀ ಯಾರೂ ಬರಲಿಲ್ಲ. ದೊಡ್ಡಪ್ಪನ ಕಾಲ್ದೆಸೆಯಲ್ಲಿ ಅತ್ತಿಗೆ ರಾತ್ರಿಯಿಡೀ ಪಾದ ಒತ್ತುತ್ತ ಕುಳಿತಿರುತ್ತಿದ್ದರು. ದೊಡ್ಡಪ್ಪ ಬೆಚ್ಚಿದಾಗಲೆಲ್ಲ ಅಲ್ಲಿಂದಲೇ, “ಮಾವ, ನಾನಿದ್ದೀನಿ” ಎನ್ನುತ್ತಿದ್ದರು.