ಹದಿಮೂರು ರೂಪಾಯಿ ಬಿಟ್ಟು ಬೇರೆ ಮಾತಾಡೋಣವೇ?

ಮತ್ತೆ ಅದೇ ಪೋಸ್ಟು! ಚರ್ಚಿಲ್ ಬೆಂಗಳೂರು ಕ್ಲಬ್ಬಿಗೆ ಹದಿಮೂರು ರೂಪಾಯಿ ಬಾಕಿ ಇಟ್ಟು ಹೋದನಂತೆ, ಹ್ಹಹ್ಹಹ್ಹ. ಬೆಳಿಗ್ಗೆಯಿಂದ ಟೈಮ್‌ಲೈನ್ ತುಂಬ ಇದೇ. ಸುಳ್ಳೇನಲ್ಲ. 1899ರಲ್ಲಿ ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿದೆ. ಆದರೆ ಪಟ್ಟಿಯಲ್ಲಿದ್ದವರು ಒಟ್ಟು 17 ಜನ. ಉಳಿದ 16 ಮಂದಿ ಮುಂದೆ ಅವನ ಹಾಗೆ ಬ್ರಿಟನ್ನಿನ ಪ್ರಧಾನಿಯಾಗಲಿಲ್ಲ, ಪಾಪ.

ಆ ಕಾಲದ ಕ್ಲಬ್ಬುಗಳಲ್ಲಿ ಕಾಸು ಎಣಿಸಿ ಕೊಟ್ಟು ಕುಡಿಯುವ ಪದ್ಧತಿ ಇರಲಿಲ್ಲ. ಪೆಗ್ಗಿಗೊಂದು ಚೀಟಿ, ಚೀಟಿಗೊಂದು ರುಜು, ತಿಂಗಳ ಕೊನೆಗೆ ಬಿಲ್ಲು. ಬಿಲ್ಲು ಕೈಸೇರುವಷ್ಟರಲ್ಲಿ ರೆಜಿಮೆಂಟೇ ಊರು ಬಿಟ್ಟಿದ್ದರೆ, ಸಾಹೇಬ ಹಡಗು ಹತ್ತಿದ್ದರೆ, ಕೇಳುವುದು ಯಾರನ್ನ? ಕೊನೆಗೆ ಬಾಕಿ ಹೊಡೆದುಹಾಕಬೇಕು, ಹೊರೆ ಉಳಿದ ಸದಸ್ಯರ ಚಂದಾದ ಮೇಲೆ. ದಂಡಿನ ಕ್ಲಬ್ಬಿನ ಮಾಮೂಲಿ ರೋಗ ಇದು.

ಯಾರು ದುಡ್ಡು ಕೊಡದೆ ಹೋದರು ಅನ್ನುವುದಕ್ಕಿಂತ, ಯಾರನ್ನು ಒಳಗೆ ಬಿಡಲಿಲ್ಲ ಅಂತ ಕೇಳಿ. ಇಂಥ ಕ್ಲಬ್ಬುಗಳ ರೂಢಿ ಹೀಗಿತ್ತು: ಒಬ್ಬ ಸದಸ್ಯ ಹೆಸರು ಸೂಚಿಸಬೇಕು, ಇನ್ನೊಬ್ಬ ಅನುಮೋದಿಸಬೇಕು, ಆಮೇಲೆ ಸದಸ್ಯರು ಪೆಟ್ಟಿಗೆಯೊಳಗೆ ಗುಟ್ಟಾಗಿ ಗೋಲಿ ಹಾಕಿ ಮತ ಕೊಡುವುದು: ಬೇಕೆಂದರೆ ಬಿಳಿ, ಬೇಡವೆಂದರೆ ಕರಿ. ಬೆರಳೆಣಿಕೆಯ ಕರಿಗೋಲಿ ಬಿದ್ದರೆ ಸಾಕು, ಅರ್ಜಿ ಬಿದ್ದುಹೋಯಿತು. ಕಾರಣ ಹೇಳಬೇಕಿಲ್ಲ, ಹಾಕಿದವನ ಹೆಸರೂ ಗೊತ್ತಾಗದು. ‘ನೇಟಿವರಿಗೆ ಪ್ರವೇಶವಿಲ್ಲ’ ಅಂತ ಬೋರ್ಡು ಬರೆಸುವ ಖರ್ಚೂ ಉಳಿಯಿತು!

ಚರ್ಚಿಲ್ ಬಾಕಿ ಇಟ್ಟ ಈ ಕ್ಲಬ್ಬು 1868ರಲ್ಲಿ ಶುರುವಾದಾಗ ಯುನೈಟೆಡ್ ಸರ್ವಿಸಸ್ ಕ್ಲಬ್, ಸೇನಾಧಿಕಾರಿಗಳದ್ದು. ‘ಬೆಂಗಳೂರು ಕ್ಲಬ್’ ಆದದ್ದು 1946ರಲ್ಲಿ. ಈ ನಡುವೆ, 1917ರಲ್ಲಿ, ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಭಾರತೀಯರಿಗೆಂದು ಸೆಂಚುರಿ ಕ್ಲಬ್ ಕಟ್ಟಿದರು. ಅದಕ್ಕೆ ಒಂದು ಲೈಕ್ ಇಲ್ಲ. ಹದಿಮೂರು ರೂಪಾಯಿಗೆ ಸಾವಿರ ಶೇರ್!

‘ತಮಾಷೆಗೆ ಹಾಕಿದ್ದು ಸಾರ್, ಸುಪ್ರೀಂ ಕೋರ್ಟೇ ಬರೆದಿದೆ’ ಅನ್ನುತ್ತೀರಿ. ಹೌದು, 2020ರ ತೀರ್ಪಿನ ಮೊದಲ ಸಾಲುಗಳಲ್ಲೇ ಈ ಬಾಕಿ ಬರುತ್ತದೆ. ಎರಡನೇ ಪುಟಕ್ಕೆ ಹೋದಿರಾ? ಅದು ಸಂಪತ್ತು ತೆರಿಗೆಯ ಕೇಸು, ಕ್ಲಬ್ಬು ಗೆದ್ದಿತು. ಅದೇ ಕೋರ್ಟಿನಲ್ಲಿ 2013ರಲ್ಲಿ, ಆದಾಯ ತೆರಿಗೆಯ ಕೇಸಿನಲ್ಲಿ, ಸೋತದ್ದು ಇನ್ನೂ ಸ್ವಾರಸ್ಯ. ಸದಸ್ಯರ ದುಡ್ಡು ಸದಸ್ಯರಿಗೇ ವಾಪಸಾದರೆ ಅದು ಆದಾಯವಲ್ಲ, ತೆರಿಗೆಯಿಲ್ಲ. ಕ್ಲಬ್ಬುಗಳು ನಿಂತಿರುವುದೇ ಈ ತತ್ವದ ಮೇಲೆ. ಬೆಂಗಳೂರು ಕ್ಲಬ್ಬು ಮಿಗತೆ ಹಣವನ್ನು ತನ್ನ ಸದಸ್ಯರೇ ಆಗಿದ್ದ ಬ್ಯಾಂಕುಗಳಲ್ಲಿ ಠೇವಣಿ ಇಟ್ಟಿತ್ತು. ಬಡ್ಡಿಯೂ ಸದಸ್ಯರಿಂದಲೇ ಬಂದದ್ದಲ್ಲವೇ ಅಂತ ವಾದ. ಕೋರ್ಟು ಒಪ್ಪಲಿಲ್ಲ. ಬ್ಯಾಂಕು ಆ ಹಣವನ್ನು ಹೊರಗಿನವರಿಗೆ ಸಾಲ ಕೊಟ್ಟ ಕ್ಷಣವೇ ಕೊಂಡಿ ಕಳಚಿತು, ಬಡ್ಡಿಗೆ ತೆರಿಗೆ ಕಟ್ಟಿ ಅಂದಿತು. ಆ ಮೊತ್ತದ ಬಗ್ಗೆ ಯಾರಾದರೂ ಒಂದು ಮೀಮ್ ಮಾಡಿ ನೋಡೋಣ.